ಅಡಿಕೆ ಕಣ ಮುಚ್ಚುವ ಮೋಟಾರು: ರಿಲೇ ಅಂಟಿಕೊಳ್ಳುವುದನ್ನು ನಿಲ್ಲಿಸಿದ ಕೆಲಸ

ಚನ್ನಗಿರಿ ತಾಲ್ಲೂಕಿನಲ್ಲಿ ನಮ್ಮ ಚಿಕ್ಕಪ್ಪನ ಅಡಿಕೆ ಕಣ ಇದೆ. ಮೇಲೆ ಕಮಾನು ಪೈಪು, ಅದರ ಮೇಲೆ ಪಾಲಿಥೀನ್ ಹಾಳೆ. ಹಾಳೆ ಸುತ್ತುವುದಕ್ಕೂ ಬಿಚ್ಚುವುದಕ್ಕೂ ಒಂದೇ ಗೇರ್ ಮೋಟಾರು, 24 ವೋಲ್ಟ್ ಡಿಸಿ, 100 ವ್ಯಾಟ್. ಎರಡು 12 ವೋಲ್ಟ್ ಬ್ಯಾಟರಿ ಸೀರೀಸ್‌ನಲ್ಲಿವೆ, ಚಾರ್ಜ್ ಮಾಡುವುದಕ್ಕೆ ಸೋಲಾರ್ ಪ್ಯಾನೆಲ್ ಇದೆ. ಬಿಸಿಲಿಗೆ ಹಾಳೆ ಸುತ್ತಿಕೊಳ್ಳಬೇಕು, ಮಳೆಗೆ ಮುಚ್ಚಬೇಕು. ಬೇಯಿಸಿ ಚೊಗರು (ಬಣ್ಣ ಕೊಡುವ ರಸ) ಹಾಕಿದ ಅಡಿಕೆ ಅರ್ಧ ಒಣಗಿದ ಮೇಲೆ ನೆನೆದರೆ ಬಣ್ಣ ಹೋಗುತ್ತದೆ, ಬೂಷ್ಟು ಹಿಡಿಯುತ್ತದೆ. ಅಂಥ ಅಡಿಕೆಗೆ ಮಂಡಿಯಲ್ಲಿ ಎಷ್ಟು ರೇಟು ಸಿಗುತ್ತದೆ ಅಂತ ಬೆಳೆಗಾರರಿಗೆ ಹೇಳಬೇಕಾಗಿಲ್ಲ.

ತೊಂದರೆ ಏನೆಂದರೆ, ಮೋಟಾರಿನ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಕಿ ತೆಗೆಯುವ ಸ್ವಿಚ್, ಪದೇ ಪದೇ ಅಂಟಿಕೊಳ್ಳುತ್ತಿತ್ತು. ಪ್ರತಿ ಸಲ ಹೊಸ ರಿಲೇ ಬೋರ್ಡ್ ಹಾಕುವುದು, ಕೆಲವು ವಾರ ಓಡುವುದು, ಮತ್ತೆ ಅದೇ ಕಥೆ. ಕೊನೆಯ ಸಲ ಮುಚ್ಚುವ ಕಡೆಯ ರಿಲೇ ಅಂಟಿಕೊಂಡು, ಹಾಳೆ ಕೊನೆ ಮುಟ್ಟಿದಾಗ ನಿಲ್ಲಿಸುವ ಲಿಮಿಟ್ ಸ್ವಿಚ್ ಒತ್ತಿದರೂ ಮೋಟಾರು ನಿಲ್ಲಲಿಲ್ಲ. ಹಾಳೆ ಒಂದು ಕಡೆ ಕ್ಲಿಪ್‌ನಿಂದ ಕಿತ್ತು ಬಂತು. ಈ ಸಲ ಬೋರ್ಡ್ ಬದಲಾಯಿಸಿ ಸುಮ್ನೆ ಬರುವುದು ಬೇಡ, ರಿಲೇ ಒಳಗೆ ಕೂಡಿ ಬಿಡುವ ಲೋಹದ ಪಾಯಿಂಟ್ ಯಾಕೆ ಸುಡುತ್ತಿದೆ ಅಂತ ನೋಡಿಯೇ ಬಿಡೋಣ ಅಂತ ಕೂತೆ. ಹಿಂದೆಮುಂದೆ ತಿರುಗುವ ಡಿಸಿ ಮೋಟಾರು ಬಳಸುವವರಿಗೆಲ್ಲ ಉಪಯೋಗ ಆಗಬಹುದು. ಗೇಟ್, ಪಾಲಿಹೌಸ್ ಪರದೆ, ಕೋಳಿ ಶೆಡ್ಡಿನ ಕರ್ಟನ್, ಎಲ್ಲದರಲ್ಲೂ ಇದೇ ಕಾಯಿಲೆ.

ಹಂತ 1: ಬಾಕ್ಸ್ ಬಿಚ್ಚಿದ್ದು

ಒಳಗೆ ಇದ್ದದ್ದು ಒಂದು ಆರ್ಡುಯಿನೋ ನ್ಯಾನೋ (ಪ್ರೋಗ್ರಾಂ ಹಾಕುವ ಸಣ್ಣ ಕಂಟ್ರೋಲ್ ಬೋರ್ಡ್), ಎರಡು ರಿಲೇ ಇರುವ ನೀಲಿ ಬೋರ್ಡ್, ಮಳೆ ಸೆನ್ಸರ್‌ನ ಸಣ್ಣ ಬೋರ್ಡ್. ಫ್ಯೂಸ್ ಹೋಲ್ಡರ್ ಇತ್ತು, ಆದರೆ ಫ್ಯೂಸ್ ಜಾಗದಲ್ಲಿ ಯಾರೋ ತಾಮ್ರದ ಎಳೆ ಸುತ್ತಿದ್ದರು.

ವೈರಿಂಗ್ ಎಲ್ಲರೂ ಮಾಡುವ ರೀತಿಯೇ ಇತ್ತು. ಮೋಟಾರಿನ ಎರಡು ತುದಿ ಎರಡು ರಿಲೇಗಳ ಕಾಮನ್‌ಗೆ (ಅತ್ತಿತ್ತ ಸರಿಯುವ ಪಟ್ಟಿ). ಎನ್‌ಓ ಪಾಯಿಂಟ್‌ಗಳು (ರಿಲೇ ಎಳೆದಾಗ ಮಾತ್ರ ಕಾಮನ್ ಮುಟ್ಟುವವು) ಬ್ಯಾಟರಿ ಪ್ಲಸ್‌ಗೆ, ಎನ್‌ಸಿ ಪಾಯಿಂಟ್‌ಗಳು (ರಿಲೇ ಬಿಟ್ಟಾಗ ಮುಟ್ಟುವವು) ಮೈನಸ್‌ಗೆ. ಮೊದಲ ರಿಲೇ ಎಳೆದರೆ ಒಂದು ಕಡೆ ತಿರುಗುತ್ತದೆ, ಎರಡನೆಯದು ಎಳೆದರೆ ಇನ್ನೊಂದು ಕಡೆ. ಎರಡೂ ಬಿಟ್ಟರೆ ಮೋಟಾರಿನ ಎರಡೂ ತುದಿ ಮೈನಸ್‌ಗೆ ಸೇರಿ ಬ್ರೇಕ್ ಹಾಕಿದ ಹಾಗೆ ನಿಲ್ಲುತ್ತದೆ. ಕಾಗದದ ಮೇಲೆ ನೋಡಿದರೆ ಇದರಲ್ಲಿ ಶಾರ್ಟ್ ಆಗುವ ದಾರಿಯೇ ಇಲ್ಲ.

ರಿಲೇ ಕವರನ್ನು ಬ್ಲೇಡಿನಿಂದ ಕೊಯ್ದು ತೆಗೆದು ಲೆನ್ಸ್‌ನಲ್ಲಿ ನೋಡಿದೆ. ಎನ್‌ಓ ಕಡೆ ಪಾಯಿಂಟ್ ಮೇಲೆ ಸಾಸಿವೆ ಕಾಳಿನಂಥ ಗುಬ್ಬಿ ಎದ್ದಿತ್ತು. ಎದುರಿನ ಪಾಯಿಂಟ್‌ನಲ್ಲಿ ಅದಕ್ಕೆ ಸರಿಯಾದ ಗುಂಡಿ. ಗುಬ್ಬಿ ಗುಂಡಿಯೊಳಗೆ ಕೂತು ಬೆಸುಗೆ ಆಗಿತ್ತು. ಡಿಸಿಯಲ್ಲಿ ಆರ್ಕ್ (ಪಾಯಿಂಟ್‌ಗಳ ನಡುವೆ ಗಾಳಿಯಲ್ಲಿ ಏಳುವ ಕಿಡಿ) ಆದಾಗ ಲೋಹ ಒಂದೇ ದಿಕ್ಕಿಗೆ ವರ್ಗ ಆಗುತ್ತಾ ಹೋಗುತ್ತದೆ, ಅದರ ಗುರುತು ಇದು. ನನಗೆ ಆಶ್ಚರ್ಯ ಆಗಿದ್ದು ಎನ್‌ಸಿ ಕಡೆ ನೋಡಿ. ಅಲ್ಲೂ ಪೂರ್ತಿ ಕಪ್ಪು, ಸುತ್ತ ಬೆಳ್ಳಿಯ ಸಣ್ಣ ಹನಿಗಳು ಸಿಡಿದು ಅಂಟಿದ್ದವು. ಬರೀ ಮೋಟಾರಿನ ಕರೆಂಟಿಗೆ ಇಷ್ಟು ಹಾನಿ ಆಗುವುದಿಲ್ಲ.

ಆಗುತ್ತಿದ್ದದ್ದು ಹೀಗೆ. ಮೋಟಾರು ಓಡುತ್ತಿರುವಾಗ ರಿಲೇ ಬಿಟ್ಟರೆ ಎನ್‌ಓ ಪಾಯಿಂಟ್ ತೆರೆಯುತ್ತದೆ, ಅಲ್ಲಿ ಆರ್ಕ್ ಹುಟ್ಟುತ್ತದೆ. ಬೆಳ್ಳಿ ಪಾಯಿಂಟ್‌ಗಳ ನಡುವೆ ಆರ್ಕ್ ಉಳಿಯುವುದಕ್ಕೆ ಸುಮಾರು 12 ವೋಲ್ಟ್, ಅರ್ಧ ಆಂಪಿನಷ್ಟು ಕರೆಂಟ್ ಇದ್ದರೆ ಸಾಕು. ನಮ್ಮಲ್ಲಿ 24 ವೋಲ್ಟ್ ಇದೆ. ಈ ಸಣ್ಣ ರಿಲೇಯ ಒಳಗಿನ ಅಂತರ ಅರ್ಧ ಮಿಲಿಮೀಟರೂ ಇಲ್ಲ. ಆರ್ಕ್ ಆರುವ ಮುಂಚೆಯೇ ಕಾಮನ್ ಪಟ್ಟಿ ಹೋಗಿ ಎನ್‌ಸಿ ಮುಟ್ಟಿಬಿಡುತ್ತದೆ. ಆ ಕ್ಷಣ ಬ್ಯಾಟರಿ ಪ್ಲಸ್‌ನಿಂದ ಆರ್ಕ್ ಮೂಲಕ ನೇರವಾಗಿ ಮೈನಸ್‌ಗೆ ದಾರಿ. ಕಾಗದದ ಮೇಲೆ ಇಲ್ಲದ ಶಾರ್ಟ್ ಗಾಳಿಯಲ್ಲಿ ಆಗುತ್ತಿತ್ತು. ಫ್ಯೂಸ್ ಇಲ್ಲದ್ದರಿಂದ ಬ್ಯಾಟರಿ ಕೊಟ್ಟಷ್ಟೂ ಕರೆಂಟ್ ಅಲ್ಲೇ ಹೋಗುತ್ತಿತ್ತು.

ಎಸಿಯಲ್ಲಿ ಈ ರಿಲೇ ಯಾಕೆ ವರ್ಷಗಟ್ಟಲೆ ಬಾಳುತ್ತದೆ ಅಂತ ಕೇಳಬಹುದು. ನಮ್ಮ 50 ಹರ್ಟ್ಸ್ ಎಸಿಯಲ್ಲಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ, ಆರ್ಕ್ ತಾನೇ ಆರುತ್ತದೆ. ಡಿಸಿಯಲ್ಲಿ ಆ ಸೊನ್ನೆ ಇಲ್ಲ. ರಿಲೇ ಮೇಲೆ 10 ಆಂಪ್ 30 ವೋಲ್ಟ್ ಡಿಸಿ ಅಂತ ಬರೆದಿರುವುದು ಹೀಟರ್ ಥರದ ಲೋಡಿಗೆ. ಮೋಟಾರಿಗೆ ಆ ಲೆಕ್ಕ ಹಿಡಿಯಬಾರದು.

ಹಂತ 2: ಅಳತೆ

ಡಿಸಿ ಕ್ಲಾಂಪ್ ಮೀಟರಿನಲ್ಲಿ ಓಡುವಾಗಿನ ಕರೆಂಟ್ ಸುಮಾರು 5 ಆಂಪ್. ಮೋಟಾರಿನ ತುದಿಗಳ ನಡುವೆ 1.1 ಓಮ್ ಬಂತು. ಶಾಫ್ಟ್ ಸ್ವಲ್ಪ ಸ್ವಲ್ಪ ತಿರುಗಿಸಿ ಹಲವು ಕಡೆ ನೋಡಬೇಕು, ಬ್ರಷ್ ಕೂತ ಜಾಗಕ್ಕೆ ತಕ್ಕಂತೆ ಬೇರೆ ಬೇರೆ ತೋರಿಸುತ್ತದೆ.

ಇಷ್ಟು ಗೊತ್ತಾದರೆ ಉಳಿದದ್ದು ಲೆಕ್ಕ. ಮೋಟಾರು ನಿಂತಲ್ಲಿಂದ ಹೊರಡುವಾಗ 24 ಭಾಗಿಸು 1.1, ಅಂದರೆ ಸುಮಾರು 22 ಆಂಪ್. ಓಡುವಾಗ ಮೋಟಾರೇ ಎದುರು ವೋಲ್ಟೇಜ್ ಹುಟ್ಟಿಸುತ್ತದೆ, ಇಲ್ಲಿ ಅದು 18.5 ವೋಲ್ಟ್. ಓಡುತ್ತಿರುವಾಗಲೇ ದಿಕ್ಕು ಬದಲಾಯಿಸಿದರೆ ಈ 18.5 ಬ್ಯಾಟರಿಯ 24ಕ್ಕೆ ಸೇರಿಕೊಳ್ಳುತ್ತದೆ. 42.5 ಭಾಗಿಸು 1.1, ಹೆಚ್ಚುಕಡಿಮೆ 39 ಆಂಪ್. 10 ಆಂಪಿನ ರಿಲೇಗೆ 39 ಆಂಪ್!

ಓಡುವಾಗ ದಿಕ್ಕು ಬದಲಾಯಿಸುವವರು ಯಾರು? ಮಳೆ ಸೆನ್ಸರ್. ತುಂತುರು ಬಂದಾಗ ಅದರ ತಟ್ಟೆ ಒದ್ದೆ, ಒಣ, ಒದ್ದೆ ಅಂತ ಕ್ಷಣಕ್ಕೊಂದು ಹೇಳುತ್ತಿತ್ತು. ಪ್ರೋಗ್ರಾಂ ಅದನ್ನು ಹಾಗೇ ನಂಬಿ ಮುಚ್ಚು, ತೆಗೆ, ಮುಚ್ಚು ಅಂತ ರಿಲೇ ಕುಣಿಸುತ್ತಿತ್ತು.

ಹಂತ 3: ಮೊದಲು ಮಾಡಿ ನೋಡಿದ್ದು, ಸಾಲದೆ ಹೋಗಿದ್ದು

ಮೋಟಾರಿನ ಅಡ್ಡಕ್ಕೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ). ಇದನ್ನು ನನಗಿಂತ ಮುಂಚೆಯೇ ಯಾರೋ ಮಾಡಿದ್ದರು. ಮೋಟಾರಿನ ತುದಿಯಲ್ಲಿ 1ಎನ್ 4007 ಒಂದು ಸುಟ್ಟು ಎರಡು ತುಂಡಾಗಿತ್ತು. ಒಂದೇ ದಿಕ್ಕಿಗೆ ತಿರುಗುವ ಮೋಟಾರಿಗೆ ಇದು ಸರಿ. ಎರಡೂ ದಿಕ್ಕಿಗೆ ತಿರುಗುವ ಮೋಟಾರಿಗೆ ಹಾಕಿದರೆ ಉಲ್ಟಾ ಓಡಿಸಿದ ತಕ್ಷಣ ಡಯೋಡ್ ಮೂಲಕವೇ ಶಾರ್ಟ್.

ಕೆಪಾಸಿಟರ್ ಮತ್ತು ರೆಸಿಸ್ಟರ್. ಮೋಟಾರಿನ ಅಡ್ಡಕ್ಕೆ 1 ಮೈಕ್ರೋಫ್ಯಾರಡ್, ಜೊತೆಗೆ ಸೀರೀಸ್‌ನಲ್ಲಿ 22 ಓಮ್ ಹಾಕಿದೆ. ಏನೂ ವ್ಯತ್ಯಾಸ ಕಾಣಲಿಲ್ಲ. ಕಾಣುವುದೂ ಇಲ್ಲ, 5 ಆಂಪ್ ಆ 22 ಓಮ್‌ಗೆ ತಿರುಗಿದರೆ ಅಲ್ಲೇ 110 ವೋಲ್ಟ್ ಏಳುತ್ತದೆ. 4.7 ಓಮ್‌ಗೆ ಇಳಿಸಿದಾಗ ಕಿಡಿ ಕಡಿಮೆ ಆಯಿತು. ಹಾಗಂತ ರೆಸಿಸ್ಟರೇ ಬೇಡ ಅಂತ ಬರೀ ಕೆಪಾಸಿಟರ್ ಹಾಕಬೇಡಿ. ಪಾಯಿಂಟ್ ಕೂಡಿದಾಗ ಕೆಪಾಸಿಟರ್ ಚಾರ್ಜ್ ಆಗುವ ಪೂರ್ತಿ ಕರೆಂಟ್ ಒಂದೇ ಏಟಿಗೆ ಪಾಯಿಂಟ್ ಮೇಲೆ ಬೀಳುತ್ತದೆ.

ಎರಡು ದಿಕ್ಕಿನ ಟಿವಿಎಸ್ ಡಯೋಡ್. 1.5ಕೆಇ 36ಸಿಎ ತಂದೆ. ಚಾರ್ಜ್ ಆಗುವಾಗ ಬ್ಯಾಟರಿ 28.8 ವೋಲ್ಟ್ ತನಕ ಹೋಗುತ್ತದೆ. ಈ ಟಿವಿಎಸ್ 30.8 ವೋಲ್ಟ್ ತನಕ ಸುಮ್ಮನಿರುತ್ತದೆ, ಆಮೇಲೆ 50 ವೋಲ್ಟ್ ಒಳಗೆ ಹಿಡಿದು ನಿಲ್ಲಿಸುತ್ತದೆ. ಇದರಿಂದ ನಿಜವಾಗಿಯೂ ಅನುಕೂಲ ಆಯಿತು. ಮೀಡಿಯಂ ವೇವ್ ರೇಡಿಯೋ ಒಂದನ್ನು ಸ್ಟೇಷನ್ ಇಲ್ಲದ ಕಡೆ ಮುಳ್ಳು ತಿರುಗಿಸಿ ಬಾಕ್ಸ್ ಪಕ್ಕ ಇಟ್ಟಿದ್ದೆ. ಮೊದಲು ರಿಲೇ ಬಿಟ್ಟಾಗ ಪಟಾರ್ ಅನ್ನುತ್ತಿತ್ತು, ಟಿವಿಎಸ್ ಹಾಕಿದ ಮೇಲೆ ಸಣ್ಣಗೆ ಟಿಕ್ ಅಂದಿತು. ಆಸಿಲ್ಲೋಸ್ಕೋಪ್ ಇಲ್ಲದವರಿಗೆ ಇದು ಒಳ್ಳೆಯ ಉಪಾಯ. ಆದರೆ ಕವರ್ ತೆಗೆದ ರಿಲೇಯನ್ನು ಕತ್ತಲಲ್ಲಿ ನೋಡಿದಾಗ ನೀಲಿ ಕಿಡಿ ಎನ್‌ಓಯಿಂದ ಎನ್‌ಸಿ ತನಕ ಹಿಂಬಾಲಿಸಿ ಹೋಗುವುದು ಇನ್ನೂ ಕಾಣುತ್ತಿತ್ತು. ಟಿವಿಎಸ್ ಮೋಟಾರಿನ ಸುರುಳಿಯಿಂದ ಬರುವ ಏಟನ್ನು ತಡೆಯುತ್ತದೆ. ಬ್ಯಾಟರಿಯೇ ಆರ್ಕ್‌ಗೆ ಉಣಿಸುತ್ತಿದ್ದರೆ ಅದೇನು ಮಾಡೀತು?

ದೊಡ್ಡ ರಿಲೇ. ದಾವಣಗೆರೆ ಪಿ.ಬಿ. ರಸ್ತೆಯಲ್ಲಿ ಲಾರಿಗೆ ಹಾಕುವ 24 ವೋಲ್ಟ್, ಐದು ಕಾಲಿನ ರಿಲೇ ತಂದೆ. ಕಾಮನ್ 30, ಎನ್‌ಓ 87, ಎನ್‌ಸಿ 87ಎ, ಪಾಯಿಂಟ್ ಎಳೆಯುವ ಕಾಯಿಲ್ 85 ಮತ್ತು 86. ಪಾಯಿಂಟ್ ದಪ್ಪ, ಸಾಕೆಟ್ ಇರುವುದರಿಂದ ಹಳ್ಳಿಯಲ್ಲಿ ಯಾರಾದರೂ ಕಿತ್ತು ಹೊಸದು ಸಿಗಿಸಬಹುದು. ನಾನು ತಂದದ್ದರ ಮೇಲೆ 20/10 ಆಂಪ್ ಅಂತಿತ್ತು. ಎನ್‌ಓ ಕಡೆ 20, ಎನ್‌ಸಿ ಕಡೆ ಬರೀ 10. ಕೊಳ್ಳುವಾಗ ದೊಡ್ಡ ಅಂಕಿ ಮಾತ್ರ ನೋಡಿ ಬರುವವರು ಜಾಸ್ತಿ. ಈ ಸರ್ಕ್ಯೂಟ್‌ನಲ್ಲಿ ಕರೆಂಟ್ ಯಾವಾಗಲೂ ಒಂದು ರಿಲೇಯ ಎನ್‌ಸಿ ಮೂಲಕವೇ ವಾಪಸ್ ಹೋಗುವುದು, ಆದ್ದರಿಂದ ಸಣ್ಣ ಅಂಕಿಯೇ ಲೆಕ್ಕಕ್ಕೆ ಬರುತ್ತದೆ. ರಿಲೇ ದೊಡ್ಡದು ಮಾಡಿದರೆ ಆಯಸ್ಸು ಹೆಚ್ಚುತ್ತದೆ, ಕಾಯಿಲೆ ಹೋಗುವುದಿಲ್ಲ.

ಹಂತ 4: ಕರೆಂಟ್ ಕಡಿಯುವ ಕೆಲಸ ರಿಲೇಯಿಂದ ಕಿತ್ತುಕೊಂಡಿದ್ದು

ಇಲ್ಲಿಂದ ದಾರಿ ಬದಲಾಯಿಸಿದೆ. ಆರ್ಕ್ ಆದ ಮೇಲೆ ಪಾಯಿಂಟ್ ಕಾಪಾಡುವುದಕ್ಕಿಂತ, ಕರೆಂಟ್ ಹರಿಯುವಾಗ ಪಾಯಿಂಟ್ ಅಲ್ಲಾಡಲೇಬಾರದು. ರಿಲೇಗಳು ದಿಕ್ಕು ಮಾತ್ರ ತೋರಿಸಲಿ. ಕರೆಂಟ್ ಕೊಡುವುದು, ಕಡಿಯುವುದು ಒಂದು ಮಾಸ್ಫೆಟ್ (ಪಾಯಿಂಟ್ ಇಲ್ಲದ ಎಲೆಕ್ಟ್ರಾನಿಕ್ ಸ್ವಿಚ್) ಮಾಡಲಿ. ಅದರ ಗೇಟ್ ಕಾಲಿಗೆ ವೋಲ್ಟೇಜ್ ಕೊಟ್ಟರೆ ತೆರೆದು ಡ್ರೈನ್ ಕಾಲಿನಿಂದ ಸೋರ್ಸ್ ಕಾಲಿಗೆ ಕರೆಂಟ್ ಬಿಡುತ್ತದೆ, ತೆಗೆದರೆ ಮುಚ್ಚಿ ಕರೆಂಟ್ ಕಡಿಯುತ್ತದೆ.

ಎರಡೂ ರಿಲೇಗಳ ಎನ್‌ಸಿ ಮೊದಲು ನೇರ ಮೈನಸ್‌ಗೆ ಹೋಗಿದ್ದವು. ಅವನ್ನು ಅಲ್ಲಿಂದ ಬಿಡಿಸಿ ಒಂದಕ್ಕೊಂದು ಸೇರಿಸಿದೆ. ಸೇರಿದ ತಂತಿ ಐಆರ್‌ಎಲ್‌ಝಡ್ 44ಎನ್ ಮಾಸ್ಫೆಟ್‌ನ ಡ್ರೈನ್‌ಗೆ, ಸೋರ್ಸ್ ಬ್ಯಾಟರಿ ಮೈನಸ್‌ಗೆ. ಇದು 55 ವೋಲ್ಟ್ ತಡೆಯುತ್ತದೆ, ಆರ್ಡುಯಿನೋದ 5 ವೋಲ್ಟ್‌ಗೇ ಚೆನ್ನಾಗಿ ತೆರೆಯುತ್ತದೆ. ಅಂಗಡಿಯಲ್ಲಿ ಐಆರ್‌ಎಫ್‌ಝಡ್ 44 ಕೊಟ್ಟು ಎರಡೂ ಒಂದೇ ಅಂದರೆ ತಗೋಬೇಡಿ. ಅದಕ್ಕೆ ಗೇಟ್‌ನಲ್ಲಿ 10 ವೋಲ್ಟ್ ಬೇಕು, 5 ವೋಲ್ಟ್‌ಗೆ ಅರೆಬರೆ ತೆರೆದು ಬಿಸಿಯಾಗುತ್ತದೆ. ನ್ಯಾನೋದ ಪಿನ್‌ನಿಂದ ಗೇಟ್‌ಗೆ 100 ಓಮ್, ಗೇಟ್‌ನಿಂದ ಸೋರ್ಸ್‌ಗೆ 10 ಕಿಲೋಓಮ್. 5 ಆಂಪ್‌ಗೆ ಮಾಸ್ಫೆಟ್‌ನಲ್ಲಿ ಆಗುವ ಶಾಖ ಅರ್ಧ ವ್ಯಾಟ್ ಚಿಲ್ಲರೆ. ಸಣ್ಣ ಹೀಟ್‌ಸಿಂಕ್ ಸಾಕು.

ಈಗ ಡಯೋಡ್ ಸಮಸ್ಯೆಯೂ ಬಗೆಹರಿಯಿತು. ಮೋಟಾರಿನ ತುದಿಯಲ್ಲಿ ದಿಕ್ಕು ಬದಲಾಗುತ್ತದೆ. ಆದರೆ ರಿಲೇಗಳ ಹೊರಗೆ, ಪ್ಲಸ್ ತಂತಿ ಮತ್ತು ಡ್ರೈನ್ ತಂತಿಯ ನಡುವೆ, ಕರೆಂಟ್ ಯಾವಾಗಲೂ ಒಂದೇ ದಿಕ್ಕಿಗೆ ಹರಿಯುತ್ತದೆ. ಅಲ್ಲಿ ಒಂದೇ ಒಂದು ಡಯೋಡ್ ಹಾಕಿದರೆ ಮೋಟಾರು ಯಾವ ಕಡೆ ತಿರುಗಿದರೂ ಕೆಲಸ ಮಾಡುತ್ತದೆ. ಎಂಬಿಆರ್ 1060 ಹಾಕಿದೆ, 10 ಆಂಪ್, 60 ವೋಲ್ಟ್. ಕ್ಯಾಥೋಡ್ ಪ್ಲಸ್‌ಗೆ, ಆನೋಡ್ ಡ್ರೈನ್‌ಗೆ. ಪಕ್ಕದಲ್ಲೇ ಪ್ಲಸ್ ಮೈನಸ್ ನಡುವೆ 1000 ಮೈಕ್ರೋಫ್ಯಾರಡ್, 63 ವೋಲ್ಟ್ ಕೆಪಾಸಿಟರ್.

ಪ್ರೋಗ್ರಾಂನಲ್ಲಿ ಕ್ರಮ ಹೀಗಿದೆ. ಹೊರಡುವಾಗ ಮೊದಲು ರಿಲೇ ಎಳೆಯಬೇಕು. 100 ಮಿಲಿಸೆಕೆಂಡ್ ಕಾಯಬೇಕು, ಪಾಯಿಂಟ್ ಪುಟಿಯುವುದೆಲ್ಲ ಅಷ್ಟರಲ್ಲಿ ಮುಗಿದಿರುತ್ತದೆ. ಆಮೇಲೆ ಮಾಸ್ಫೆಟ್ ಅನ್ನು ಅರ್ಧ ಸೆಕೆಂಡಿನಲ್ಲಿ ನಿಧಾನಕ್ಕೆ ಪೂರ್ತಿ ತೆರೆಯಬೇಕು. ಆರ್ಡುಯಿನೋದ ಮಾಮೂಲಿ ಪಿಡಬ್ಲ್ಯೂಎಂ (ಬೇಗ ಬೇಗ ಹಾಕಿ ತೆಗೆದು ಸರಾಸರಿ ಕರೆಂಟ್ ಹೊಂದಿಸುವುದು) ಇದಕ್ಕೆ ಸಾಕು. ಹೊರಡುವಾಗಿನ 22 ಆಂಪ್ ಏಟೂ ಇದರಿಂದ ತಗ್ಗಿತು, ಹಾಳೆಯ ಪೈಪು ಜಗ್ಗುವುದು ನಿಂತಿತು.

ನಿಲ್ಲಿಸುವಾಗ ಮೊದಲು ಮಾಸ್ಫೆಟ್ ಮುಚ್ಚಬೇಕು. ಒಂದೂವರೆ ಸೆಕೆಂಡ್ ಬಿಟ್ಟು ರಿಲೇ ಬಿಡಬೇಕು. ಇಷ್ಟು ಹೊತ್ತು ಯಾಕೆ? ಕರೆಂಟ್ ಹೋದ ಮೇಲೂ ಮೋಟಾರು ಸ್ವಲ್ಪ ತಿರುಗುತ್ತಿರುತ್ತದೆ. ಆಗಲೇ ರಿಲೇ ಬಿಟ್ಟರೆ ಎರಡೂ ತುದಿ ಎನ್‌ಸಿಯಲ್ಲಿ ಕೂಡಿ ಬ್ರೇಕ್ ಬೀಳುತ್ತದೆ, ಮೋಟಾರಿನ 18 ವೋಲ್ಟ್ 1.1 ಓಮ್‌ಗೆ ಸುರಿದು 16 ಆಂಪ್ ಆ ಪಾಯಿಂಟ್ ಮೂಲಕ ಹೋಗುತ್ತದೆ. ಮಾಸ್ಫೆಟ್ ಮುಚ್ಚಿದ್ದರೂ ಇದು ತಪ್ಪುವುದಿಲ್ಲ, ಯಾಕೆಂದರೆ ಈ ದಾರಿಯಲ್ಲಿ ಮಾಸ್ಫೆಟ್ ಇಲ್ಲವೇ ಇಲ್ಲ. ವರ್ಮ್ ಗೇರ್ ಇರುವ ಮೋಟಾರು ಒಂದು ಸೆಕೆಂಡಿನೊಳಗೆ ತಾನೇ ನಿಲ್ಲುತ್ತದೆ, ಹಾಗಾಗಿ ಒಂದೂವರೆ ಸಾಕಾಯಿತು. ನಿಮ್ಮ ಮೋಟಾರಿಗೆ ಗೇರ್ ಇಲ್ಲದಿದ್ದರೆ ಅದು ನಿಲ್ಲುವ ಹೊತ್ತು ನೋಡಿಕೊಂಡು ಇಡಿ.

ಮಾಸ್ಫೆಟ್ ಸುಟ್ಟರೆ ಸಾಮಾನ್ಯವಾಗಿ ಶಾರ್ಟ್ ಆಗಿಯೇ ಸುಡುತ್ತದೆ. ಆಗ ರಿಲೇ ಬಿಟ್ಟರೆ ಮೋಟಾರು ನಿಲ್ಲುತ್ತದೆ, ಆ ಹೊತ್ತಿಗೆ ಮಾತ್ರ ಪಾಯಿಂಟ್ ಏಟು ತಿನ್ನುತ್ತದೆ. ರಿಲೇ ಅಂಟಿದರೆ ಮಾಸ್ಫೆಟ್ ನಿಲ್ಲಿಸುತ್ತದೆ. ಇದಕ್ಕೇ ನನಗೆ ರಿಲೇ ಇಲ್ಲದೆ ನಾಲ್ಕು ಮಾಸ್ಫೆಟ್‌ನಲ್ಲೇ ದಿಕ್ಕು ಬದಲಾಯಿಸುವ ಎಚ್ ಬ್ರಿಡ್ಜ್ ಬೋರ್ಡ್‌ಗಿಂತ ಈ ಜೋಡಿ ಇಷ್ಟ. ಮೊದಲು ತಂದ ಟಿವಿಎಸ್ ಕೂಡ ಮೋಟಾರ್ ತಂತಿ ಬಾಕ್ಸ್‌ಗೆ ಬರುವಲ್ಲಿ ಹಾಗೇ ಉಳಿಸಿದ್ದೇನೆ.

ಹಂತ 5: ಕಾಯಿಲ್ ಕಡೆಯ ಡಯೋಡ್

ಎಲ್ಲರೂ ರಿಲೇ ಕಾಯಿಲ್‌ಗೆ 1ಎನ್ 4007 ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಅದು ಕಾಯಿಲ್‌ಗೆ ಕರೆಂಟ್ ಹಾಕಿ ತೆಗೆಯುವ ಟ್ರಾನ್ಸಿಸ್ಟರ್ ಕಾಪಾಡುತ್ತದೆ, ನಿಜ. ಆದರೆ ಕಾಯಿಲ್‌ನ ಕರೆಂಟ್ ಡಯೋಡ್‌ನಲ್ಲಿ ಸುತ್ತುತ್ತಾ ನಿಧಾನಕ್ಕೆ ಇಳಿಯುವುದರಿಂದ ಪಾಯಿಂಟ್ ಕೂಡ ನಿಧಾನಕ್ಕೆ ಬಿಡುತ್ತದೆ. ಆರ್ಕ್ ಜಾಸ್ತಿ ಹೊತ್ತು ಉಳಿಯುತ್ತದೆ, ಅಂಟುವ ಸಾಧ್ಯತೆ ಹೆಚ್ಚುತ್ತದೆ. ಡಯೋಡ್ ಜೊತೆಗೆ ಉಲ್ಟಾ ಸೀರೀಸ್‌ನಲ್ಲಿ 24 ವೋಲ್ಟ್, 1 ವ್ಯಾಟ್ ಝೀನರ್ (ಅಷ್ಟು ವೋಲ್ಟ್ ಮೀರಿದರೆ ಮಾತ್ರ ಉಲ್ಟಾ ಕರೆಂಟ್ ಬಿಡುವ ಡಯೋಡ್) ಹಾಕಿದೆ. ರಿಲೇ ಬಿಡುವ ಸದ್ದೇ ಚುರುಕಾಯಿತು.

ಒಂದು ಎಚ್ಚರಿಕೆ. ಝೀನರ್ ಹಾಕಿದ ಮೇಲೆ ಟ್ರಾನ್ಸಿಸ್ಟರ್ ಮೇಲೆ ಬ್ಯಾಟರಿಯ 28.8, ಝೀನರಿನ 24, ಡಯೋಡಿನ 0.7, ಒಟ್ಟು 53 ವೋಲ್ಟ್‌ಗಿಂತ ಜಾಸ್ತಿ ಬೀಳುತ್ತದೆ. ಬಿಸಿ 547, ಬಿಸಿ 337 ತಡೆಯುವುದು 45 ವೋಲ್ಟ್ ಮಾತ್ರ. 80 ವೋಲ್ಟ್‌ನ ಬಿಡಿ 139 ಹಾಕಿದೆ, ಬೇಸ್‌ಗೆ 1 ಕಿಲೋಓಮ್.

ಹಂತ 6: ಬಾಕ್ಸ್, ಫ್ಯೂಸ್, ಲಿಮಿಟ್ ಸ್ವಿಚ್

ತಾಮ್ರದ ಎಳೆ ಕಿತ್ತೆಸೆದು 10 ಆಂಪ್ ಬ್ಲೇಡ್ ಫ್ಯೂಸ್, ಬ್ಯಾಟರಿ ಪಕ್ಕದಲ್ಲೇ. ಮೋಟಾರು ಸಿಕ್ಕಿಕೊಂಡು 22 ಆಂಪ್ ಎಳೆದರೆ ಅದು ಕೆಲವೇ ಸೆಕೆಂಡಿನಲ್ಲಿ ಹೋಗುತ್ತದೆ. ಬ್ಯಾಟರಿಯಿಂದ ಬಾಕ್ಸ್‌ಗೆ, ಬಾಕ್ಸ್‌ನಿಂದ ಮೋಟಾರಿಗೆ 4 ಚದರ ಮಿಲಿಮೀಟರ್ ವೈರ್. ತಂತಿಗಳೆಲ್ಲ ಕೆಳಗಿನಿಂದಲೇ ಒಳಗೆ ಹೋಗುವಂತೆ ಗ್ಲಾಂಡ್ ಹಾಕಿ ಬಿಗಿ ಮಾಡಿದೆ. ಹಳೇ ಬಾಕ್ಸ್‌ನಲ್ಲಿ ಇರುವೆ ಗೂಡು ಕಟ್ಟಿತ್ತು.

ಮೊದಲಿದ್ದ ಎರಡು ಲಿಮಿಟ್ ಸ್ವಿಚ್ ನ್ಯಾನೋಗೆ ಮಾತ್ರ ಹೋಗುತ್ತವೆ. ಅವುಗಳಿಂದ ಎರಡು ಇಂಚು ಆಚೆ ಇನ್ನೆರಡು ರೋಲರ್ ಸ್ವಿಚ್ ಕೂರಿಸಿ, ಅವುಗಳ ಎನ್‌ಸಿಯನ್ನು ಮಾಸ್ಫೆಟ್ ಗೇಟ್ ತಂತಿಯಲ್ಲೇ ಸೀರೀಸ್‌ನಲ್ಲಿ ಕೊಟ್ಟೆ. ನ್ಯಾನೋ ಹ್ಯಾಂಗ್ ಆದರೂ, ರಿಲೇ ಅಂಟಿದರೂ, ಪೈಪು ಅಲ್ಲಿಗೆ ಮುಟ್ಟಿದರೆ ಗೇಟ್ ಕಡಿದು ಮೋಟಾರು ನಿಲ್ಲುತ್ತದೆ. ಒಮ್ಮೆ ಹಾಗೆ ನಿಂತರೆ ಎರಡೂ ಕಡೆ ಓಡುವುದಿಲ್ಲ, ಬಾಕ್ಸ್ ಒಳಗಿನ ಬಟನ್ ಒತ್ತಿ ಹಿಡಿದು ವಾಪಸ್ ತರಬೇಕು. ಗೇಟ್ ತಂತಿ ಉದ್ದ ಹೋಗುವುದರಿಂದ ಹೊಸೆದು ಎಳೆದಿದ್ದೇನೆ. ಆ 10 ಕಿಲೋಓಮ್ ಮಾತ್ರ ಮಾಸ್ಫೆಟ್ ಕಾಲಿನಲ್ಲೇ ಇರಬೇಕು, ದೂರ ಹಾಕಿದರೆ ಸ್ವಿಚ್ ತೆರೆದಾಗ ಗೇಟ್ ಎಲ್ಲಿಗೂ ಸೇರದೆ ತೇಲುತ್ತದೆ, ಮಾಸ್ಫೆಟ್ ಸರಿಯಾಗಿ ಮುಚ್ಚುವುದಿಲ್ಲ.

ಹಂತ 7: ಪರೀಕ್ಷೆ

ಒಂದು ಲಾರಿ ರಿಲೇಯ ಕವರ್ ತೆಗೆದು ಸಾಕೆಟ್‌ಗೆ ಸಿಗಿಸಿದೆ. ಕತ್ತಲಾದ ಮೇಲೆ ಹಾಳೆ ಮುಚ್ಚಿ ತೆಗೆದು ಮಾಡಿದೆವು. ಪಾಯಿಂಟ್‌ನಲ್ಲಿ ಬೆಳಕೇ ಇಲ್ಲ. ರೇಡಿಯೋದಲ್ಲಿ ಕಾಯಿಲ್ ಬಿಡುವ ಸಣ್ಣ ಟಿಕ್ ಬಿಟ್ಟರೆ ಸದ್ದಿಲ್ಲ. ಓಡುತ್ತಿರುವಾಗ ಬೇಕಂತಲೇ ಉಲ್ಟಾ ಬಟನ್ ಒತ್ತಿದೆ. ಮೋಟಾರು ನಿಂತಿತು, ಒಂದೂವರೆ ಸೆಕೆಂಡ್ ಆದ ಮೇಲೆ ರಿಲೇ ಬದಲಾಯಿತು, ಆಮೇಲೆ ನಿಧಾನಕ್ಕೆ ಎದುರು ದಿಕ್ಕಿಗೆ ಹೊರಟಿತು.

ಪೈಪನ್ನು ಹಗ್ಗದಲ್ಲಿ ಕಟ್ಟಿ ಮೋಟಾರು ಸಿಕ್ಕಿಸಿಯೂ ನೋಡಿದೆ. ಫ್ಯೂಸ್ ಹೋಯಿತು, ಮಾಸ್ಫೆಟ್ ಉಳಿಯಿತು.

ಅಡಿಕೆ ಸೀಸನ್ ಪೂರ್ತಿ ಓಡಿದ ಮೇಲೆ ಅದೇ ರಿಲೇ ತೆಗೆದು ಲೆನ್ಸ್‌ನಲ್ಲಿ ನೋಡಿದೆ. ಪಾಯಿಂಟ್ ಮೇಲೆ ಮುಟ್ಟಿದ ಗುರುತು ಮಾತ್ರ ಇದೆ. ಗುಬ್ಬಿ ಇಲ್ಲ, ಗುಂಡಿ ಇಲ್ಲ, ಎನ್‌ಸಿ ಕಡೆ ಹೊಸದರ ಹೊಳಪು ಹಾಗೇ ಇದೆ.

ಹಂತ 8: ಮಳೆ ತಟ್ಟೆ

ತಟ್ಟೆ ಮಟ್ಟಸವಾಗಿ ಮಲಗಿತ್ತು, ಹನಿ ನಿಂತಲ್ಲೇ ನಿಲ್ಲುತ್ತಿತ್ತು. ಓರೆ ಮಾಡಿ ಕಟ್ಟಿದೆ. ಒಮ್ಮೆ ಒದ್ದೆ ಅಂದರೆ ಪೂರ್ತಿ ಮುಚ್ಚಿಯೇ ತೀರಬೇಕು, ಮಧ್ಯೆ ಮನಸ್ಸು ಬದಲಾಯಿಸುವಂತಿಲ್ಲ ಅಂತ ಪ್ರೋಗ್ರಾಂ ತಿದ್ದಿದೆ. ತಾನಾಗಿ ತೆರೆಯುವುದಕ್ಕೆ ಎಷ್ಟು ಹೊತ್ತು ಇಡಲಿ ಅಂತ ಚಿಕ್ಕಪ್ಪನನ್ನು ಕೇಳಿದೆ.

"ತೆಗೆಯೋದು ಅದಕ್ಕೆ ಬಿಡಬೇಡಪ್ಪ. ಸೂಳೆಕೆರೆ ಕಡೆ ಮೋಡ ಇದ್ರೆ ಇಲ್ಲಿ ಬಿಸಿಲಿದ್ರೂ ನಾವು ತೆಗೆಯಲ್ಲ. ಅದಕ್ಕೇನು ಗೊತ್ತಾಗುತ್ತೆ? ಮುಚ್ಚೋದು ಮಾಡ್ಲಿ ಸಾಕು."

ಸರಿ ಅನ್ನಿಸಿತು. ಮುಚ್ಚುವುದು ತಾನಾಗಿ, ತೆಗೆಯುವುದು ಬಟನ್ ಒತ್ತಿದರೆ ಮಾತ್ರ. ರಿಲೇಯ ಕೆಲಸವೂ ಕಡಿಮೆ ಆಯಿತು.

ಖರ್ಚು

ಲಾರಿ ರಿಲೇ ಎರಡು, ಸಾಕೆಟ್ ಸಮೇತ 360 ರೂಪಾಯಿ. ಮಾಸ್ಫೆಟ್ ಎರಡು, ಒಂದು ಸ್ಪೇರ್, 90. ಡಯೋಡ್ 35, ಟಿವಿಎಸ್ ಎರಡು 60, ಬಿಡಿ 139, ಝೀನರ್, ಚಿಲ್ಲರೆ ಸಾಮಾನು 50. ಫ್ಯೂಸ್ ಮತ್ತು ಹೋಲ್ಡರ್ 70, ರೋಲರ್ ಸ್ವಿಚ್ 300, ವೈರ್ 260, ಬಾಕ್ಸ್ 350, ಗ್ಲಾಂಡ್ 75. ಒಟ್ಟು 1650. ನ್ಯಾನೋ, ಸೆನ್ಸರ್ ಹಳೆಯವೇ.

ಬಾಕಿ ಇರುವುದು ಒಂದೇ. ಮೋಟಾರು ಸಿಕ್ಕಿಕೊಂಡರೆ ಈಗ ಫ್ಯೂಸ್ ಹೋಗುತ್ತದೆ, ರಾತ್ರಿ ಹೊತ್ತಲ್ಲಿ ಹೋದರೆ ಬದಲಾಯಿಸುವವರಿಲ್ಲ. ಸೋರ್ಸ್ ತಂತಿಯಲ್ಲಿ 0.01 ಓಮ್ ಶಂಟ್ (ಕರೆಂಟ್ ಅಳೆಯುವ ಸಣ್ಣ ರೆಸಿಸ್ಟರ್) ಹಾಕಿದರೆ 22 ಆಂಪ್‌ಗೆ 0.22 ವೋಲ್ಟ್ ಸಿಗುತ್ತದೆ, ನ್ಯಾನೋ ಅದನ್ನು ಓದಿ ಫ್ಯೂಸ್‌ಗಿಂತ ಮುಂಚೆ ಮಾಸ್ಫೆಟ್ ಮುಚ್ಚಬಹುದು. ಶಂಟ್ ತಂದಿಟ್ಟಿದ್ದೇನೆ, ಮುಂದಿನ ಕೊಯ್ಲು ಶುರುವಾಗುವ ಮುಂಚೆ ಹಾಕುತ್ತೇನೆ.